ಮರ ಬಿದ್ದ ಮೇಲೆ ಜೀಪಿನ ಬೆಲೆ ಎಷ್ಟು?

ಪುಷ್ಯ ಮಳೆ ಹಿಡಿಯಿತೆಂದರೆ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಮರ ಬೀಳುವುದು ಯಾರಿಗೂ ಹೊಸ ಸುದ್ದಿಯಲ್ಲ. ಗಾಜನೂರು ದಾಟಿ, ಸಕ್ರೆಬೈಲಿನ ಆನೆ ಬಿಡಾರ ಕಳೆದು ಮಂಡಗದ್ದೆಗೆ ಬರುವಷ್ಟರಲ್ಲಿ ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು. ತುಂಗೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಸಂಸಾರ ಹೂಡುವ ಈ ದಿನಗಳಲ್ಲೇ ದಡದ ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ. ಬೇರು ಹಿಡಿತ ಬಿಡಲು ದೊಡ್ಡ ಗಾಳಿಯೇ ಬೇಕೆಂದಿಲ್ಲ. ಮರ ರಸ್ತೆಗೆ ಬಿದ್ದರೆ ಗರಗಸ ತಂದು ಕಡಿದು ಹಾಕುತ್ತಾರೆ. ಮನೆ ಮುಂದೆ ನಿಲ್ಲಿಸಿದ ಗಾಡಿಯ ಮೇಲೆ ಬಿದ್ದರೆ ವಿಮೆಯ ಮಾತು ಶುರುವಾಗುತ್ತದೆ.

ಗಾಡಿ ಹೊಸದಾದರೆ ಲೆಕ್ಕ ಸುಲಭ. ಆರು ತಿಂಗಳೊಳಗಿನದಕ್ಕೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ ಶೇ 20, ಹೀಗೆ ಏರುತ್ತಾ ಐದನೇ ವರ್ಷಕ್ಕೆ ಶೇ 50 ಸವಕಳಿ ಕಳೆದು ಗಾಡಿಯ ಬೆಲೆ ಗೊತ್ತುಮಾಡುವ ಪಟ್ಟಿ ವಿಮಾ ಕಂಪನಿಯವರ ಬಳಿ ಇದೆ. 2002ರಿಂದ ಜಾರಿಗೆ ಬಂದ ಮೋಟಾರು ದರಪಟ್ಟಿಯಲ್ಲಿ ಬರೆದಿಟ್ಟ ಕ್ರಮ ಇದು. ಹೀಗೆ ಬರುವ ಮೊತ್ತಕ್ಕೆ ಐಡಿವಿ, ಅಂದರೆ ಘೋಷಿತ ಮೌಲ್ಯ ಎಂದು ಹೆಸರು. ಗಾಡಿ ಪೂರ್ತಿ ಹಾಳಾದರೆ ಕೈಗೆ ಬರುವ ಹಣದ ಮೇಲ್ಮಿತಿಯೂ ಅದೇ. ಆದರೆ ಪಟ್ಟಿ ಐದು ವರ್ಷಕ್ಕೆ ಮುಗಿಯುತ್ತದೆ. ಅದಕ್ಕಿಂತ ಹಳೆಯ ಗಾಡಿಗೆ, ತಯಾರಿಕೆ ನಿಂತುಹೋದ ಮಾಡೆಲ್ಲಿಗೆ ಬೆಲೆ ಎಷ್ಟೆಂಬುದನ್ನು ಮಾಲೀಕ ಮತ್ತು ಕಂಪನಿ ಕೂತು ಒಪ್ಪಿಕೊಳ್ಳಬೇಕು. ನಿಯಮ ಹೇಳುವುದು ಅಷ್ಟೇ.

ಈ ಒಪ್ಪಂದವನ್ನು ನಮ್ಮ ಕಡೆ ಯಾರೂ ಕೂತು ಮಾಡುವುದಿಲ್ಲ. ಮಲೆನಾಡಿನ ಹಳೆಯ ಜೀಪುಗಳಿಗೆ ಸಲ್ಲಬೇಕಾದ ಪರಿಹಾರ ಕೈತಪ್ಪಿಹೋಗುವುದು ಮರ ಬಿದ್ದ ದಿನದಲ್ಲಲ್ಲ, ಪಾಲಿಸಿಗೆ ಸಹಿ ಹಾಕಿದ ದಿನದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ ಜೀಪೆಂದರೆ ಷೋಕಿಯ ವಸ್ತುವಲ್ಲ. ಕೆಸರಿನ ತೋಟದ ದಾರಿಯಲ್ಲಿ ಅಡಿಕೆ ಗೊನೆ, ಗೊಬ್ಬರ, ಹೆರಿಗೆಗೆ ಹೊರಟ ಹೆಂಗಸು, ಆಗುಂಬೆಯ ಮಳೆಯಲ್ಲಿ ನೆಂದ ನೆಂಟರು, ಎಲ್ಲರನ್ನೂ ಎಲ್ಲವನ್ನೂ ಹೊತ್ತದ್ದು ಅದೇ. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪನ್ನು ಸ್ವಾತಂತ್ರ್ಯದ ಹೊತ್ತಿಗೆ ಮುಂಬೈಯಲ್ಲಿ ಜೋಡಿಸತೊಡಗಿದ ಮಹೀಂದ್ರ ಕಂಪನಿ, ಮುಂದೆ ಸಿಜೆ 3ಬಿ ಎಂಬ ಮಾದರಿಯನ್ನು ದಶಕಗಳ ಕಾಲ ಇಲ್ಲಿಯೇ ತಯಾರಿಸಿತು. ಬಾನೆಟ್ ಎತ್ತರವಾಗಿ, ಮೂಗು ಮೇಲೆತ್ತಿದಂತೆ ಕಾಣುವ ಗಾಡಿ ಅದು. ಒಳಗಿನ ಹರಿಕೇನ್ ಇಂಜಿನ್ನಿನ ವಾಲ್ವುಗಳಲ್ಲಿ ಅರ್ಧ ಮೇಲ್ಗಡೆ ಇದ್ದುದರಿಂದ ಬಾನೆಟ್ಟನ್ನು ಏರಿಸಬೇಕಾಯಿತು. 2.2 ಲೀಟರಿನ ಆ ಪೆಟ್ರೋಲ್ ಇಂಜಿನ್ನಿನ ದಾಹ ತಾಳಲಾರದೆ ಅನೇಕರು ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಎಂಬತ್ತರ ದಶಕದಲ್ಲಿ ಪ್ಯೂಜೊ ಡೀಸೆಲ್ ಇಂಜಿನ್ನಿನ ಎಂಎಂ 540 ಬಂತು. ಇಂದು ಈ ಗಾಡಿಗಳನ್ನು ಹುಡುಕಿಕೊಂಡು ಬೆಂಗಳೂರಿನಿಂದ, ಕೇರಳದಿಂದ ಜನ ಬರುತ್ತಾರೆ. ಕೊಟ್ಟಿಗೆಯ ಮೂಲೆಯಲ್ಲಿ ಗುಜರಿಯಂತೆ ಬಿದ್ದಿದ್ದ ಗಾಡಿಗೆ ಲಕ್ಷಗಳ ಮಾತು ಬರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಜಾವಾ, ಯೆಜ್ಡಿ ಬೈಕುಗಳಿಗೂ, 2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿಗೂ ಹೀಗೆಯೇ ಆಗಿದೆ. ಪೇಟೆಯಲ್ಲಿ ಬೆಲೆ ಏರಿದೆ, ಪಾಲಿಸಿಯ ಹಾಳೆಯಲ್ಲಿ ವರ್ಷ ವರ್ಷ ಇಳಿಯುತ್ತಲೇ ಇದೆ.

ಇಂಥ ಗಾಡಿಗಳಿಗೆಂದೇ ಬೇರೆ ನಿಯಮ ಇಲ್ಲವೇ? ಇದೆ, ಆದರೆ ನಮ್ಮ ಜೀಪಿನ ಮೈಗೆ ಸರಿಯಾಗಿ ಕೂರುವುದಿಲ್ಲ. ಮೊದಲೇ ಒಂದು ಬೆಲೆ ಒಪ್ಪಿಕೊಂಡು, ಗಾಡಿ ಪೂರ್ತಿ ನಾಶವಾದಾಗ ಸವಕಳಿ ಕಳೆಯದೆ ಅಷ್ಟನ್ನೂ ಕೊಡುವ ‘ಒಪ್ಪಿತ ಮೌಲ್ಯ’ದ ಪಾಲಿಸಿಗೆ ಮೋಟಾರು ದರಪಟ್ಟಿಯಲ್ಲಿ ಅವಕಾಶ ಇತ್ತು. ಆದರೆ ಅದು ವಿಂಟೇಜ್ ಕಾರುಗಳಿಗೆ ಮಾತ್ರ, ಮತ್ತು ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದದ್ದು. ಅರಮನೆಗಳ ರೋಲ್ಸ್ ರಾಯ್ಸ್‌ಗೆ ಅನುಕೂಲವಾದ ಈ ಗೆರೆ 1968ರ ತೋಟದ ಜೀಪನ್ನು ಹೊರಗಿಡುತ್ತದೆ.

ಸಾರಿಗೆ ಇಲಾಖೆಯ ಗೆರೆ ಬೇರೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳು ವಿಂಟೇಜ್. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳಿರುವ ನಂಬರು, ಹತ್ತು ವರ್ಷದ ಅವಧಿ. 1968ರ ಜೀಪು ಇಲ್ಲಿ ಒಳಗೆ ಬರುತ್ತದೆ. ಆದರೆ ಈ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಹಾಕಿಸುವುದು, ರಿಪೇರಿ ಇಂಥ ಕಾರಣಗಳಿಗಷ್ಟೇ ರಸ್ತೆಗೆ ಇಳಿಸಬಹುದು. ದಿನಾ ತೋಟಕ್ಕೆ ಹೋಗಿಬರುವಂತಿಲ್ಲ. ಹಳೆಯ ವಾಹನಪ್ರಿಯರ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷಕ್ಕೇ ‘ಐತಿಹಾಸಿಕ ವಾಹನ’ ಎಂದು ಒಪ್ಪುತ್ತದೆಯಾದರೂ, ಅಲ್ಲಿಯೂ ದಿನಬಳಕೆಯ ಗಾಡಿಗೆ ಜಾಗವಿಲ್ಲ. ದುಡಿಯುತ್ತಲೇ ಹಳತಾದ, ಇನ್ನೂ ದುಡಿಯುತ್ತಿರುವ ಗಾಡಿ ಯಾವ ಪಟ್ಟಿಗೂ ಸೇರದೆ ಉಳಿಯುತ್ತದೆ. ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ. ಮಲೆನಾಡಿನ ಮನೆಗಳು ಜೀಪನ್ನು ಉಳಿಸಿದ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟಲ್ಲ, ಓಡಿಸಿ.

ಹಾಗಾದರೆ ಉಳಿದ ದಾರಿ ‘ಕೂತು ಒಪ್ಪಿಕೊಳ್ಳುವ’ ಬೆಲೆ ಮಾತ್ರ. ಅಲ್ಲಿ ಆಗುವುದೇನು? ವರ್ಷಾವಧಿ ಮುಗಿಯುತ್ತಿದ್ದಂತೆ ಏಜೆಂಟರ ಮಾತು ಹೆಚ್ಚು ಕಡಿಮೆ ಹೀಗಿರುತ್ತದೆ: “ಹಳೇ ಗಾಡಿಗೆ ಫುಲ್ ಇನ್ಶೂರೆನ್ಸ್ ಯಾಕೆ ಗೌಡ್ರೇ? ಥರ್ಡ್ ಪಾರ್ಟಿ ಸಾಕು ಬಿಡಿ.” ಥರ್ಡ್ ಪಾರ್ಟಿ ಕಾನೂನು ಕಡ್ಡಾಯ ಮಾಡಿದ ವಿಮೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಅದು ಹೊಣೆ. ನಮ್ಮ ಜೀಪಿನ ಮೇಲೆ ಹಲಸಿನ ಮರ ಬಿದ್ದರೆ ಅದರಲ್ಲಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಫುಲ್ ಮಾಡಿಸಿದವರಲ್ಲೂ ಬಹಳ ಜನ ಪ್ರೀಮಿಯಂ ಕಡಿಮೆಯಾಗಲೆಂದು ಕಡಿಮೆ ಬೆಲೆ ಬರೆಸಿ ಸುಮ್ಮನಾಗುತ್ತಾರೆ. ಆ ಉಳಿತಾಯ ಎಷ್ಟು ದುಬಾರಿ ಎಂದು ಒಂದು ಲೆಕ್ಕ ಹಾಕಿ ನೋಡೋಣ.

ಮಂಡಗದ್ದೆ ಹೋಬಳಿಯ ಒಂದು ತೋಟದ ಮನೆಯಲ್ಲಿ ಸಿಜೆ 3ಬಿ ಇದೆ ಎಂದಿಟ್ಟುಕೊಳ್ಳಿ. ಪೇಟೆಯಲ್ಲಿ ಅದಕ್ಕೆ 4 ಲಕ್ಷ ರೂಪಾಯಿ ಬರುವ ಸ್ಥಿತಿ. ಪಾಲಿಸಿಯಲ್ಲಿ ಬರೆಸಿದ್ದು 80,000. ಮರ ಬಿದ್ದು ಬಾನೆಟ್, ವಿಂಡ್‌ಶೀಲ್ಡ್, ಒಂದು ಮಡ್‌ಗಾರ್ಡ್, ಟಾಪು ಹೋದವು. ರಿಪೇರಿ ಎಸ್ಟಿಮೇಟ್ 2 ಲಕ್ಷ. ನಿಯಮದಂತೆ ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ ಗಾಡಿ ‘ಟೋಟಲ್ ಲಾಸ್’. ಇಲ್ಲಿ ಆ ಮಿತಿ 60,000. ಇನ್ನೂ ಅರ್ಧ ಶತಮಾನ ಓಡಬಲ್ಲ ಜೀಪು ಕಾಗದದ ಮೇಲೆ ಸತ್ತುಹೋಯಿತು. ಕಡ್ಡಾಯವಾಗಿ ಮುರಿದುಕೊಳ್ಳುವ 2,000 ಕಳೆದು 78,000 ಸಿಗುತ್ತದೆ. “ಗಾಡಿ ಕೊಡಲ್ಲ, ಅಪ್ಪಯ್ಯನ ಕಾಲದ್ದು” ಎಂದರೆ, ಮುರಿದ ಗಾಡಿಯ ಗುಜರಿ ಬೆಲೆಯನ್ನೂ ಕಳೆಯುತ್ತಾರೆ. ಅದನ್ನು 30,000 ಎಂದು ಹಿಡಿದರೆ ಕೈಗೆ ಬರುವುದು 48,000. ಮಿಕ್ಕ ಒಂದೂವರೆ ಲಕ್ಷ ಸ್ವಂತದ್ದು.

ಅದೇ ಗಾಡಿಗೆ 4 ಲಕ್ಷ ಬರೆಸಿದ್ದರೆ? ಟೋಟಲ್ ಲಾಸ್ ಮಿತಿ 3 ಲಕ್ಷಕ್ಕೆ ಏರುತ್ತದೆ, 2 ಲಕ್ಷದ ರಿಪೇರಿ ರಿಪೇರಿಯಾಗಿಯೇ ಉಳಿಯುತ್ತದೆ. ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗಗಳಿಗೆ ಶೇ 50 ಸವಕಳಿ. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ ಶೇ 50. ಗಾಜಿಗೆ ಸವಕಳಿ ಇಲ್ಲ. ಕೂಲಿಗೂ ಇಲ್ಲ. ಪೇಂಟಿಂಗ್ ಬಿಲ್ ಒಟ್ಟಾಗಿ ಕೊಟ್ಟರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು, ಆ ಕಾಲು ಭಾಗದಲ್ಲಿ ಅರ್ಧ ಕಳೆಯುತ್ತಾರೆ. ಎಸ್ಟಿಮೇಟಿನಲ್ಲಿ ಲೋಹದ ಸಾಮಾನು 1 ಲಕ್ಷ, ಟಾಪು ರಬ್ಬರು ಇತ್ಯಾದಿ 20,000, ಗಾಜು 10,000, ಟಿಂಕರಿಂಗ್ ಮತ್ತು ಫಿಟ್ಟಿಂಗ್ ಕೂಲಿ 50,000, ಪೇಂಟಿಂಗ್ 20,000 ಇದ್ದರೆ ಕ್ರಮವಾಗಿ 50,000, 10,000, 10,000, 50,000, 17,500 ದಕ್ಕುತ್ತದೆ. ಒಟ್ಟು 1,37,500, ಕಡ್ಡಾಯದ 2,000 ಕಳೆದರೆ 1,35,500. ಬಿಚ್ಚಿದ ಹಳೇ ಸಾಮಾನಿನ ಗುಜರಿ ಬೆಲೆ ಸ್ವಲ್ಪ ಕಳೆಯಬಹುದು. ಜೀಪು ಮನೆಯಲ್ಲಿ, ಆರ್‌ಸಿ ಕೈಯಲ್ಲಿ.

ಇದಕ್ಕೆ ಕೊಡಬೇಕಾದ ಹೆಚ್ಚುವರಿ ಪ್ರೀಮಿಯಂ? ಸ್ವಂತ ಹಾನಿಯ ಭಾಗಕ್ಕೆ ಹಳೆಯ ದರಪಟ್ಟಿಯಲ್ಲಿ ಇಂಥ ಗಾಡಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸು ಇತ್ತು. 3.2 ಲಕ್ಷ ಹೆಚ್ಚು ಬರೆಸಿದರೆ ವರ್ಷಕ್ಕೆ ಸುಮಾರು 11,000 ರೂಪಾಯಿ. 2007ರಿಂದ ಈ ದರಗಳು ಕಂಪನಿಗಳ ಮರ್ಜಿಗೆ ಬಿಟ್ಟಿರುವುದರಿಂದ ನಾಲ್ಕು ಕಡೆ ಕೇಳಿದರೆ ಕಡಿಮೆಗೂ ಸಿಗುತ್ತದೆ. ಹಳೇ ಗಾಡಿಗೆ ಫುಲ್ ಮಾಡುವುದೇ ಇಲ್ಲ ಎನ್ನುವವರೂ ಸಿಗುತ್ತಾರೆ. ಅವರನ್ನು ಬಿಟ್ಟು ಮುಂದಿನ ಬಾಗಿಲು ತಟ್ಟಬೇಕು.

ನಾಲ್ಕು ಲಕ್ಷ ಎಂದು ಬಾಯಲ್ಲಿ ಹೇಳಿದರೆ ಕಂಪನಿ ಒಪ್ಪುತ್ತದೆಯೇ? ಒಪ್ಪುವುದಿಲ್ಲ, ಒಪ್ಪಲೂಬಾರದು. ಹಳೇ ಗಾಡಿಗೆ ಬೆಲೆ ಕಟ್ಟುವುದೇ ಒಂದು ವಿದ್ಯೆ, ಮತ್ತು ಅದು ಗುರುತಿನಿಂದ ಶುರುವಾಗುತ್ತದೆ. ಚಾಸಿಯ ಮೇಲೆ ಕೊರೆದ ನಂಬರು, ಇಂಜಿನ್ನಿನ ನಂಬರು, ಆರ್‌ಸಿಯಲ್ಲಿರುವ ನಂಬರು ಮೂರೂ ತಾಳೆಯಾಗಬೇಕು. ಹರಿಕೇನ್ ಇಂಜಿನ್ನಿನಲ್ಲಿ ಆ ಸಂಖ್ಯೆ ಮುಂಭಾಗದಲ್ಲಿ, ವಾಟರ್ ಪಂಪಿನ ಹತ್ತಿರದ ಉಬ್ಬಿನ ಮೇಲೆ ಇರುತ್ತದೆ. ಗ್ರೀಸು, ಹಳೇ ಪೇಂಟು ಕೆರೆದರೆ ಕಾಣುತ್ತದೆ. ಡೀಸೆಲ್ ಇಂಜಿನ್ ಕೂರಿಸಿ ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್ ಎಂದೇ ಇದ್ದರೆ ಅಲ್ಲಿಗೆ ಕ್ಲೈಮು ಕುಂಟಿತು. ತಯಾರಕರು ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳದೆ ಗತಿಯಿಲ್ಲ.

ಆಮೇಲೆ ಮೂಲತನ. ಹರಿಯಾಣದ ಮಂಡಿ ಡಬ್ವಾಲಿ ಜೀಪು ಕಟ್ಟುವುದಕ್ಕೇ ಹೆಸರಾದ ಊರು. ಅಲ್ಲಿಂದ ಹೊಸ ಬಾಡಿ ತರಿಸಿ ಕೂರಿಸಿದ ಜೀಪು ಹೊಳೆಯುತ್ತದೆ, ಚೆನ್ನಾಗಿಯೂ ಓಡುತ್ತದೆ. ಆದರೆ ತಗ್ಗು ಬಿದ್ದರೂ ಹುಟ್ಟಿದಾಗಿನ ಬಾಡಿಯೇ ಇರುವ ಗಾಡಿಗೆ ಬಲ್ಲವರು ಹೆಚ್ಚು ಕೊಡುತ್ತಾರೆ. ಮಲೆನಾಡಿನ ಗಾಡಿಗೆ ತುಕ್ಕೇ ಶತ್ರು. ಕಾಲಿಡುವ ನೆಲದ ತಗಡು, ಬಾಡಿ ಚಾಸಿಯ ಮೇಲೆ ಕೂರುವ ಚಾನೆಲ್ಲುಗಳು, ಒದ್ದೆ ತರಗೆಲೆ ಸೇರಿಕೊಳ್ಳುವ ಸಂದುಗಳು ಮೊದಲು ಹೋಗುತ್ತವೆ. ತೂತನ್ನು ಪುಟ್ಟಿ ಮೆತ್ತಿ ಪೇಂಟ್ ಹೊಡೆದು ಮುಚ್ಚಿದ್ದರೆ ಒಂದು ಸಣ್ಣ ಅಯಸ್ಕಾಂತ ಸಾಕು, ಪುಟ್ಟಿ ಇರುವಲ್ಲಿ ಅದು ಹಿಡಿಯುವುದಿಲ್ಲ. ತುಕ್ಕು, ಸವೆತ ಯಾವ ಪಾಲಿಸಿಯಲ್ಲೂ ಪರಿಹಾರಕ್ಕೆ ಬರುವುದಿಲ್ಲವಾದ್ದರಿಂದ, ಮೊದಲಿನ ತುಕ್ಕು ಎಷ್ಟಿತ್ತು ಎಂಬ ದಾಖಲೆ ಮಾಲೀಕನಿಗೇ ರಕ್ಷಣೆ.

ಇನ್ನು ಮೊತ್ತ. ಮಾರುವವರು ಕೇಳುವ ಬೆಲೆ ಸಾಕ್ಷಿಯಾಗುವುದಿಲ್ಲ, ಕೈ ಬದಲಾದ ಬೆಲೆ ಸಾಕ್ಷಿ. ಅದೇ ಮಾದರಿಯ, ಅದೇ ಸ್ಥಿತಿಯ ಎರಡು ಮೂರು ಗಾಡಿಗಳ ಮಾರಾಟದ ಕಾಗದ ಸಿಕ್ಕಿದರೆ ಅದಕ್ಕಿಂತ ಬಲವಾದ ಆಧಾರ ಇಲ್ಲ. ಜೀರ್ಣೋದ್ಧಾರಕ್ಕೆ ಸುರಿದ ಹಣವೆಲ್ಲ ಬೆಲೆಯಾಗಿ ವಾಪಸು ಬರುತ್ತದೆಂದು ತಿಳಿಯಬಾರದು; ಆದರೂ ಬಿಲ್ಲುಗಳನ್ನು ಜೋಡಿಸಿಡಬೇಕು, ಅವು ಸ್ಥಿತಿಗೆ ಪುರಾವೆ. ಇಷ್ಟನ್ನೂ ಇಟ್ಟುಕೊಂಡು ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರಿಂದ ಮೌಲ್ಯಮಾಪನ ವರದಿ ಬರೆಸಿ, ಮಳೆಗಾಲಕ್ಕೆ ಮುಂಚೆ ಪಾಲಿಸಿಯ ಪ್ರಸ್ತಾವದ ಜೊತೆಗೇ ಕಂಪನಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಬೇಕು. ಅಮೆರಿಕದಲ್ಲಿ 1984ರಲ್ಲಿ ಮರದ ದೋಣಿಗಳ ವಿಮೆಯಿಂದ ಶುರುವಾದ ಹ್ಯಾಗರ್ಟಿಯಂಥ ಕಂಪನಿಗಳು ಹಳೇ ಕಾರುಗಳಿಗೆ ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ದೊಡ್ಡ ವ್ಯವಹಾರ ಮಾಡಿಕೊಂಡಿವೆ. ಬ್ರಿಟನ್ನಿನಲ್ಲಿ ಮಾಲೀಕರ ಕ್ಲಬ್ಬುಗಳೇ ಮೌಲ್ಯದ ಪ್ರಮಾಣಪತ್ರ ಕೊಡುತ್ತವೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹದಿಂದ ‘ಪಯಣ’ ಕಾರು ಮ್ಯೂಸಿಯಂ ತೆರೆದಿರುವ, ಬೆಂಗಳೂರಿನಲ್ಲಿ ಹಳೇ ಕಾರುಗಳ ಬಲವಾದ ಸಂಘಗಳಿರುವ ನಮ್ಮ ರಾಜ್ಯದಲ್ಲಿ ದುಡಿಯುವ ಜೀಪಿಗೂ ಅಂಥದೊಂದು ಏರ್ಪಾಡು ಆಗಬಾರದೇಕೆ?

ಮರ ಬಿದ್ದ ದಿನದ ಕೆಲಸಕ್ಕೆ ಬರೋಣ. ಎಲ್ಲರಿಗೂ ಮೊದಲು ಹೊಳೆಯುವುದು ಮರ ಕಡಿಸಿ ಗಾಡಿ ಹೊರಗೆಳೆಯುವುದು. ಜೀವಾಪಾಯವಿಲ್ಲದಿದ್ದರೆ ಸ್ವಲ್ಪ ತಡೆಯಬೇಕು. ಮರ ಗಾಡಿಯ ಮೇಲೆ ಇರುವಾಗಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಕಂಪನಿಗೆ ಸುದ್ದಿ ಮುಟ್ಟಿಸಬೇಕು. ಫೋಟೊ ಎಂದರೆ ದೂರದಿಂದ ತೆಗೆದ ಚಿತ್ರವಷ್ಟೇ ಸಾಲದು. ಮಡ್‌ಗಾರ್ಡ್ ಹರಿದ ಅಂಚನ್ನು, ಬ್ರಾಕೆಟ್ ತುಂಡಾದ ಬಾಯನ್ನು ಗೇಣು ದೂರದಿಂದ ತೆಗೆಯಿರಿ. ಆಗತಾನೆ ಮುರಿದ ಕಬ್ಬಿಣದ ಬಾಯಿ ಬೆಳ್ಳಗೆ ಹೊಳೆಯುತ್ತದೆ. ಬಿರುಕು ಮೊದಲೇ ಇದ್ದಿದ್ದರೆ ಆ ಭಾಗ ಕಂದಾಗಿ, ಕೆಲವೊಮ್ಮೆ ಎಣ್ಣೆಜಿಡ್ಡು ಹತ್ತಿ ಕರ್ರಗೆ ಇರುತ್ತದೆ. ಒಂದೇ ಮುರಿತದಲ್ಲಿ ಅರ್ಧ ಕಂದು ಅರ್ಧ ಬಿಳಿ ಇರುವುದೂ ಉಂಟು. ಅನುಭವಿ ಸರ್ವೇಯರ್ ಬೆರಳಿಟ್ಟು ನೋಡುವುದು ಅದನ್ನೇ. ನಮ್ಮ ಮಳೆಗಾಲದ ತೇವದಲ್ಲಿ ಆ ಬಿಳುಪು ಒಂದೆರಡು ದಿನ ನಿಲ್ಲುವುದಿಲ್ಲ, ಮೇಲೆ ಕೇಸರಿ ಪುಡಿ ಕೂರುತ್ತದೆ. ಧರೆ ಕುಸಿದು ರಸ್ತೆ ಕಟ್ಟಿ ಸರ್ವೇಯರ್ ತಡವಾಗಿ ಬಂದರೆ, ನಿನ್ನೆಯ ಮುರಿತ ವರ್ಷದ ಹಿಂದಿನದರಂತೆ ಕಾಣುತ್ತದೆ. ಆಗ ಮಾತಾಡುವುದು ಮೊದಲ ದಿನದ ಫೋಟೊ ಒಂದೇ.

ಬಂದಿದ್ದು ಮರವಲ್ಲ, ತುಂಗೆಯ ನೆರೆಯಾದರೆ ಎಚ್ಚರಿಕೆ ಬೇರೆ. ನೆರೆ, ಬಿರುಗಾಳಿ, ಗುಡ್ಡ ಕುಸಿತ ಮೂರೂ ಫುಲ್ ಇನ್ಶೂರೆನ್ಸಿನಲ್ಲಿ ಸೇರಿವೆ. ಆದರೆ ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಾಗಿದರೆ, ಅದು ನೆರೆಯಿಂದಾದ ನೇರ ನಷ್ಟವಲ್ಲ ಎಂದು ಕೈಬಿಡುತ್ತಾರೆ. ಕೀಲಿ ಮುಟ್ಟದೆ ಎಳೆಸಿಕೊಂಡು ಹೋಗಬೇಕು.

ಎಸ್ಟಿಮೇಟ್ ಕೊಡುವಾಗ ಸ್ಥಳೀಯ ಗ್ಯಾರೇಜಿನ ಒಂದು ಹಾಳೆ ಸಾಲುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ದಿಲ್ಲಿಯ ಕಾಶ್ಮೀರಿ ಗೇಟಿನಲ್ಲೋ ಆ ಸಾಮಾನು ಸಿಗುವ ಬೆಲೆಯನ್ನು ಬರಹದಲ್ಲಿ ತರಿಸಿ ಜೊತೆಗಿಡಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಳೇ ಜೀಪಿನಲ್ಲಿ ಹೊಸ ಸಾಮಾನಿಗಿಂತ ಹಳೆಯದನ್ನೇ ತಿದ್ದಿ ಕೂರಿಸುವ ಕೆಲಸ ಹೆಚ್ಚು. ಕೂಲಿಗೆ ಸವಕಳಿ ಇಲ್ಲವಾದ್ದರಿಂದ, ಮೂಲ ಬಾನೆಟ್ಟನ್ನು ಬಡಿದು ಸರಿಮಾಡಿದರೆ ಗಾಡಿಯ ಮೂಲತನವೂ ಉಳಿಯುತ್ತದೆ, ಪರಿಹಾರವೂ ಹೆಚ್ಚು ದಕ್ಕುತ್ತದೆ. ನಮ್ಮ ಕಡೆಯ ಹಳೇ ಟಿಂಕರಿಂಗ್ ಕೈಗಳಿಗೆ ಇಂಥ ಕೆಲಸದಿಂದಲೇ ಅನ್ನ.

ಟೋಟಲ್ ಲಾಸ್ ಎಂದು ಒಪ್ಪುವ ಮೊದಲು ಆರ್‌ಸಿಯ ಗತಿ ಕೇಳಿ. ಗಾಡಿ ನಾಶವಾದರೆ ಅಥವಾ ಮತ್ತೆ ಬಳಸಲಾಗದಂತಾದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ರದ್ದಾದ ಆರ್‌ಸಿಯ ಜೊತೆ ಅರವತ್ತರ ದಶಕದ ಆ ನಂಬರೂ ಹೋಗುತ್ತದೆ. ಜೀಪನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ರಿಪೇರಿಯ ಆಧಾರದ ಮೇಲೆಯೇ ಕ್ಲೈಮು ಮುಗಿಸುವಂತೆ ಲಿಖಿತವಾಗಿ ಕೇಳುವುದು ಒಳ್ಳೆಯದು. ಆರ್‌ಸಿಯ ಅವಧಿಯೂ ಚಾಲ್ತಿಯಲ್ಲಿರಬೇಕು. ಖಾಸಗಿ ಗಾಡಿಗೆ ಹದಿನೈದು ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. 2014ರ ನರೀಂದರ್ ಸಿಂಗ್ ಪ್ರಕರಣದಲ್ಲಿ, ತಾತ್ಕಾಲಿಕ ನೋಂದಣಿ ಮುಗಿದ ಗಾಡಿಯನ್ನು ರಸ್ತೆಗಿಳಿಸಿದ್ದು ಪಾಲಿಸಿಯ ಷರತ್ತಿನ ಮೂಲ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು ಪರಿಹಾರ ನಿರಾಕರಣೆಯನ್ನು ಎತ್ತಿಹಿಡಿಯಿತು. ಅವಧಿ ಮೀರಿದ ಜೀಪಿನ ಮಾಲೀಕರು ಇದನ್ನು ನೆನಪಿಡಬೇಕು.

ಸರಿಯಾದ ಬೆಲೆ ಬರೆಸಿಯೂ, “ಇಷ್ಟು ಹಳೇ ಗಾಡಿಗೆ ಇಷ್ಟೆಲ್ಲಿ ಬಾಳುತ್ತದೆ” ಎಂದು ಕಂಪನಿ ಹಿಂದೇಟು ಹಾಕಿದರೆ? 2008ರ ಧರ್ಮೇಂದ್ರ ಗೋಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಚಾಳಿಯನ್ನೇ ಟೀಕಿಸಿತು: ಒಂದು ಬೆಲೆಯನ್ನು ಒಪ್ಪಿ ಅದಕ್ಕೆ ಪ್ರೀಮಿಯಂ ಪಡೆದ ಕಂಪನಿ, ಪರಿಹಾರ ಕೊಡುವಾಗ ಅದೇ ಬೆಲೆಯನ್ನು ಅಲ್ಲಗಳೆಯುವುದು ಸಲ್ಲದು. ಸರ್ವೇಯರ್ ವರದಿ ಮೀರಲಾಗದ ಕಟ್ಟಳೆಯಲ್ಲ ಎಂದು 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಅಲ್ಲಿಯ ತೀರ್ಪಿಗೆ ಕಂಪನಿ ಬದ್ಧ. ಇನ್ನೊಂದು ದಾರಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಎರಡು ವರ್ಷದ ಅವಕಾಶವಿದೆ. ಎರಡೂ ಕಡೆ ಮೊದಲು ಕೇಳುವ ಕಾಗದ ಒಂದೇ: ಬೆಲೆ ಒಪ್ಪಿಕೊಂಡ ದಿನದ ಪ್ರಸ್ತಾವ, ಜೊತೆಗೆ ಕೊಟ್ಟ ಮೌಲ್ಯಮಾಪನ ವರದಿ, ತಲುಪಿದ್ದಕ್ಕೆ ಕಂಪನಿಯ ಸಹಿ.